ಬೂದಿಕೋಟೆಯವನ ಹಡಗುಗಳು

ನಮ್ಮೂರಿನ ಹೆಸರಿನಲ್ಲಿ ಸಮುದ್ರವಿದೆ, ಊರಿನಲ್ಲಿಲ್ಲ. ಕಾಮಸಮುದ್ರ ಬಂಗಾರಪೇಟೆ ತಾಲ್ಲೂಕಿನ ಒಂದು ಹೋಬಳಿ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುಹಾದಿಯಲ್ಲಿ ಬಂಗಾರಪೇಟೆ ದಾಟಿದ ಮೇಲೆ, ಕುಪ್ಪಂ ಬರುವುದರೊಳಗೆ ಸಿಗುವ ಸಣ್ಣ ಸ್ಟೇಷನ್ನು. ಎಕ್ಸ್‌ಪ್ರೆಸ್ ಗಾಡಿಯಲ್ಲಿ ಕಿಟಕಿ ಪಕ್ಕ ಕೂತವರಿಗೆ ಹಳದಿ ಬೋರ್ಡು ಕಂಡು ಮರೆಯಾಗುತ್ತದೆ. ಹಿಂದಿನವರು ದೊಡ್ಡ ಕೆರೆಗೆ ಸಮುದ್ರ ಎಂದೇ ಕರೆಯುತ್ತಿದ್ದರು. ಹೊಯ್ಸಳರ ರಾಜಧಾನಿ ದ್ವಾರಸಮುದ್ರವೂ ಅಂಥದ್ದೇ, ಇವತ್ತಿನ ಹಳೇಬೀಡು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರದ ಕಡೆ ಕೆರೆಯೇ ಸಮುದ್ರ, ಕೆರೆಯೇ ಸಾಗರ. ಒಳ್ಳೆ ಮಳೆಯಾದ ವರ್ಷ ಕೋಡಿ ಹರಿಯುತ್ತದೆ, ಊರಿಗೆ ಊರೇ ಏರಿಯ ಮೇಲೆ ನಿಂತು ನೋಡುತ್ತದೆ. ಎರಡು ವರ್ಷ ಮಳೆ ಕೈಕೊಟ್ಟರೆ ಅಂಗಳದಲ್ಲಿ ಜಾಲಿ ಬೆಳೆದು ಹುಡುಗರು ಕ್ರಿಕೆಟ್ ಆಡುತ್ತಾರೆ. ಸಮುದ್ರ ಒಣಗುವುದು ನಮಗೆ ಕಥೆಯಲ್ಲ, ಕಣ್ಣಾರೆ ಕಂಡಿದ್ದು.

ಇಂಥ ನೆಲದಲ್ಲಿ ಹುಟ್ಟಿದ ಒಬ್ಬ ಮನುಷ್ಯ ನಿಜವಾದ ಸಮುದ್ರದ ಮೇಲೆ ನೌಕಾಪಡೆ ಕಟ್ಟಲು ಹೊರಟಿದ್ದ. ಪಕ್ಕದ ಹೋಬಳಿ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಇಸವಿ 1720ರ ಆಸುಪಾಸು. ಅಪ್ಪ ಫತ್ತೇ ಮಹಮ್ಮದ್ ಶಿರಾದ ನವಾಬನ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದವನು, ಬೂದಿಕೋಟೆ ಅವನ ಜಹಗೀರು. ಅವನ ಗೋರಿ ಕೋಲಾರದಲ್ಲಿದೆ. ಹೈದರನ ಕುದುರೆಸವಾರರ ಬಗ್ಗೆ, ಟಿಪ್ಪುವಿನ ರಾಕೆಟ್ಟುಗಳ ಬಗ್ಗೆ ನಮ್ಮ ಕಡೆ ಯಾರನ್ನು ಕೇಳಿದರೂ ಒಂದೆರಡು ಮಾತು ಹೇಳುತ್ತಾರೆ. ಹಡಗುಗಳ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ನನಗೆ ಈ ವಿಷಯ ಹಿಡಿಸಿದ್ದು ಅಕ್ಕನ ಮಗನಿಂದ. ಅವನು ಮೊಬೈಲಿನಲ್ಲಿ ಆಡುವ ಒಂದು ಆಟದಲ್ಲಿ ಯಾವ ಭೂಪಟದಲ್ಲೂ ಇಲ್ಲದ ನಾಲ್ಕೈದು ರಾಜ್ಯಗಳಿವೆ, ಎಲ್ಲಕ್ಕೂ ಒಂದೊಂದು ನೌಕಾಪಡೆ. ಪರದೆಯ ಮೇಲೆ ರಾಜ್ಯದ ಹೆಸರು ಒತ್ತಿದರೆ ಹಡಗುಗಳ ಲೆಕ್ಕ, ತೋಪುಗಳ ಲೆಕ್ಕ, ಪಕ್ಕದಲ್ಲೊಂದು ಹಸಿರು ಪಟ್ಟಿ. ಪಟ್ಟಿ ಉದ್ದವಿದ್ದವನದೇ ಸಮುದ್ರ. ಅವನೂ ಅವನ ಗೆಳೆಯರೂ ಯಾರ ಪಡೆ ದೊಡ್ಡದು ಎಂದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಒಂದು ದಿನ ಕೇಳಿದ: "ಮಾವ, ಟಿಪ್ಪು ಸುಲ್ತಾನ್ ಹತ್ರ ಎಷ್ಟು ಹಡಗಿತ್ತು?" ನಲವತ್ತು ಎಂದೆ. "ಹಂಗಾದ್ರೆ ಯಾಕೆ ಸೋತ?"

ಇದು ಸುಲಭದ ಪ್ರಶ್ನೆಯಲ್ಲ. ಆ ನಲವತ್ತು ಎಂಥ ನಲವತ್ತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು, ಹಡಗುಗಳನ್ನು ಎಣಿಸುವುದೆಂದರೆ ಏನನ್ನು ಎಣಿಸುವುದು ಎಂದು ನೋಡಬೇಕು.

1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲವಣದಿಂದ ಹೊರಟು, ಕೆಳದಿ ನಾಯಕರ ಕೈಯಲ್ಲಿದ್ದ ಬಸರೂರಿನ ಮೇಲೆ ಸಮುದ್ರದಿಂದ ಬಿದ್ದು ಲೂಟಿ ಮಾಡಿದ. ಅವನ ಜೊತೆ 85 ಸಣ್ಣ ಹಡಗು, 3 ದೊಡ್ಡ ಹಡಗು ಇದ್ದವೆಂದು ಆ ಕಾಲದ ಇಂಗ್ಲಿಷರ ಕಾಗದಗಳು ಹೇಳುತ್ತವೆ. ಎಂಬತ್ತೆಂಟು! ಆಟದ ಪರದೆಯಲ್ಲಾದರೆ ಹಸಿರು ಪಟ್ಟಿ ಅಂಚು ದಾಟಿ ಹೋಗುತ್ತಿತ್ತು. ಆದರೆ ಆ ಕಾಲದ ಪಶ್ಚಿಮ ಕರಾವಳಿಯ ಯುದ್ಧನೌಕೆಗಳಲ್ಲಿ ಹೆಚ್ಚಿನವು ಎರಡೇ ಬಗೆಯವು. ಒಂದು ಗುರಾಬು: ಎರಡೋ ಮೂರೋ ಹಾಯಿಮರ, ಮುಂದಕ್ಕೆ ಚಾಚಿದ ಉದ್ದ ಮೂತಿ, ಕೆಳಗೆ ಹೆಚ್ಚು ಆಳವಿಲ್ಲದ ಒಡಲು. ಇನ್ನೊಂದು ಗಲ್ಬತ್ತು: ಹಾಯಿಯ ಜೊತೆಗೆ ಹುಟ್ಟು ಹಾಕಿ ನಡೆಸುವ ಚುರುಕಾದ ದೋಣಿ, ಅದರಲ್ಲಿ ಕೆಲವು ಸಣ್ಣ ತೋಪುಗಳು. ಗಾಳಿ ಬಿದ್ದ ಹೊತ್ತಿನಲ್ಲಿ, ದಡಕ್ಕೆ ಹತ್ತಿರದ ನೀರಿನಲ್ಲಿ, ಅಳಿವೆಗಳ ಒಳಗೆ ಹೊರಗೆ ಇವುಗಳನ್ನು ಮೀರಿಸುವವರಿರಲಿಲ್ಲ. ನಾಲ್ಕಾರು ಗಲ್ಬತ್ತುಗಳು ಸೇರಿ ಒಂದು ವ್ಯಾಪಾರಿ ಹಡಗನ್ನು ಬೇಟೆನಾಯಿಗಳ ಹಾಗೆ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿದ್ದವು.

ಇದರ ಎದುರು ಹದಿನೆಂಟನೇ ಶತಮಾನದ ಯುರೋಪಿನ 74 ತೋಪಿನ ಹಡಗನ್ನು ನಿಲ್ಲಿಸಿ ನೋಡಿ. ಎರಡು ಅಂತಸ್ತಿನ ತೋಪುಗಳು, ಸುಮಾರು 600 ಜನ, ಒಂದು ಸಣ್ಣ ಕಾಡೇ ಖರ್ಚಾಗುವಷ್ಟು ಮರ. ಒಂದು ಮಗ್ಗುಲಿನ ತೋಪುಗಳೆಲ್ಲ ಒಟ್ಟಿಗೆ ಹಾರಿದರೆ ಗುರಾಬು ಹೇಳಹೆಸರಿಲ್ಲ. ಆದರೆ ಅದಕ್ಕೆ ಇಪ್ಪತ್ತು ಅಡಿಗೂ ಮಿಗಿಲಾದ ಆಳದ ನೀರು ಬೇಕು. ಮಂಗಳೂರಿನ ಅಳಿವೆಯ ಮರಳದಿಣ್ಣೆ ದಾಟಿ ಒಳಗೆ ಬರಲಾರದು. ಹಾಗಾಗಿ ಅದನ್ನೂ ಇದನ್ನೂ 'ಒಂದು ಹಡಗು' ಎಂದು ಒಂದೇ ಕಾಲಮ್ಮಿನಲ್ಲಿ ಬರೆಯುವುದು, ಎತ್ತನ್ನೂ ಟ್ರ್ಯಾಕ್ಟರನ್ನೂ ಕೂಡಿಸಿ ಮೂರು ಎಂದ ಹಾಗೆ.

ಹೈದರ್ ಸಮುದ್ರದ ದಡಕ್ಕೆ ಬಂದಿದ್ದು 1763ರಲ್ಲಿ. ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡ ಮೇಲೆ ಘಟ್ಟದ ಕೆಳಗಿನ ಮಂಗಳೂರು, ಬಸರೂರು, ಹೊನ್ನಾವರಗಳೂ ಕೈಗೆ ಬಂದವು. ಅಲ್ಲಿಯತನಕ ಮೈಸೂರಿಗೆ ಕಡಲು ಎಂಬುದೇ ಇರಲಿಲ್ಲ. ಆ ಹೊತ್ತಿನಲ್ಲಿ ಆ ನೀರಿನಲ್ಲಿ ಯಾರ್‍ಯಾರಿದ್ದರು? ಗೋವೆಯಲ್ಲಿ ಪೋರ್ಚುಗೀಸರು, ಬಲ ಕುಂದಿದ್ದರೂ ಗತ್ತು ಬಿಡದವರು; ಒಂದು ಕಾಲದಲ್ಲಿ ಅವರ ರಹದಾರಿ ಚೀಟಿಯಿಲ್ಲದೆ ಈ ಕರಾವಳಿಯಲ್ಲಿ ಅಕ್ಕಿಯ ಮಚವೆಯೂ ನಿಶ್ಚಿಂತೆಯಾಗಿ ಓಡಾಡುವಂತಿರಲಿಲ್ಲ. ಕೊಚ್ಚಿಯಲ್ಲಿ ಡಚ್ಚರು. ಮುಂಬಯಿ ಮತ್ತು ತಲಚೇರಿಯಲ್ಲಿ ಇಂಗ್ಲಿಷ್ ಕಂಪನಿ. ಕಣ್ಣೂರಿನಲ್ಲಿ ಅಲಿ ರಾಜ. ಉತ್ತರಕ್ಕೆ ಮರಾಠರು. ದೇಶೀಯರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದ ಆಂಗ್ರೆಗಳ ಪಡೆ ಇದಕ್ಕೆ ಏಳು ವರ್ಷ ಹಿಂದೆ, 1756ರಲ್ಲಿ, ವಿಜಯದುರ್ಗದಲ್ಲಿ ಸುಟ್ಟು ಬೂದಿಯಾಗಿತ್ತು. ಸುಟ್ಟವರು ಇಂಗ್ಲಿಷರು, ಅವರನ್ನು ಜೊತೆಗೆ ಕರೆದುಕೊಂಡವನು ಪೇಶ್ವೆ. ತನ್ನ ಸರದಾರನೊಬ್ಬ ಮಾತು ಕೇಳುವುದಿಲ್ಲವೆಂದು ಪೇಶ್ವೆ ಮಾಡಿದ ಈ ಕೆಲಸದಿಂದ ಪಶ್ಚಿಮ ಕರಾವಳಿಯಲ್ಲಿ ಇಂಗ್ಲಿಷರಿಗೆ ಎದುರು ನಿಲ್ಲುವ ಸ್ಥಳೀಯ ನೌಕಾಪಡೆಯೇ ಇಲ್ಲವಾಯಿತು. ಸಮುದ್ರದ ಚರಿತ್ರೆಯಲ್ಲಿ ಇದಕ್ಕಿಂತ ದುಬಾರಿಯಾದ ಮನೆಜಗಳ ನಮ್ಮಲ್ಲಿ ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ಆ ಖಾಲಿ ಜಾಗಕ್ಕೆ ಹೈದರ್ ಬಂದ. ಬಂದ ಎರಡೇ ವರ್ಷದಲ್ಲಿ, 1765ರ ಹೊತ್ತಿಗೆ, ಅವನ ಬಳಿ ಮೂವತ್ತರಷ್ಟು ಯುದ್ಧದ ಹಡಗುಗಳೂ ಸಾಮಾನು ಸಾಗಿಸುವ ಬೇರೆ ಅನೇಕ ಹಡಗುಗಳೂ ಇದ್ದವೆಂದು ಪೋರ್ಚುಗೀಸರ ಕಾಗದಗಳಿಂದ ತಿಳಿಯುತ್ತದೆ. ಗೋವೆಯ ದಫ್ತರಗಳನ್ನು ಹುಡುಕಿ ಇದನ್ನೆಲ್ಲ ಹೊರಗೆ ತಂದ ಇತಿಹಾಸಕಾರ ಸುರೇಂದ್ರನಾಥ ಸೇನ್. ಪೋರ್ಚುಗೀಸರು ಇಷ್ಟು ಗಮನವಿಟ್ಟು ಎಣಿಸಿದ್ದಾರೆ ಎಂದರೇ ಅವರಿಗೆ ಭಯವಿತ್ತು ಎಂದಾಯಿತು. ಅಂದರೆ ಆ ಪಡೆ ಬರೀ ಹೆಸರಿಗಿದ್ದದ್ದಲ್ಲ.

ಅದನ್ನು ನಡೆಸುವವರು ಯಾರು ಎಂಬಲ್ಲಿ ತೊಡಕು ಶುರುವಾಯಿತು. ಬೂದಿಕೋಟೆಯವನಿಗೆ ಕುದುರೆ ಗೊತ್ತು, ಕೋಟೆ ಗೊತ್ತು, ಗಾಳಿ ಗೊತ್ತಿಲ್ಲ. ಮೊದಲು ಕಣ್ಣೂರಿನ ಅಲಿ ರಾಜನ ಕೈಗೆ ಕೊಟ್ಟ. ಅವನು ಆ ಹಡಗುಗಳನ್ನು ತೆಗೆದುಕೊಂಡು ಮಾಲ್ಡೀವ್ಸ್ ದ್ವೀಪಗಳ ಮೇಲೆ ಹೋಗಿ, ಅಲ್ಲಿಯ ಸುಲ್ತಾನನನ್ನು ಹಿಡಿದು ಕಣ್ಣು ಕೀಳಿಸಿದನೆಂದೂ, ಹೈದರ್ ಇದನ್ನು ಕೇಳಿ ಸಿಟ್ಟಾಗಿ ನೌಕಾಪಡೆಯನ್ನು ಅವನಿಂದ ವಾಪಸು ಪಡೆದನೆಂದೂ ಹೈದರನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಡಿ ಲಾ ತೂರ್ ಬರೆದಿದ್ದಾನೆ. ಅವನು ಸ್ವಲ್ಪ ಬಣ್ಣ ಹಚ್ಚಿ ಬರೆಯುವ ಮನುಷ್ಯ, ಕಣ್ಣಿನ ಕಥೆಯನ್ನು ಪೂರ್ತಿ ನಂಬಬೇಕಾಗಿಲ್ಲ. ನಂತರ ಪಡೆಯನ್ನು ಲುತ್ಫ್ ಅಲಿ ಬೇಗ್ ಎಂಬವನಿಗೆ ವಹಿಸಿದ. ಅವನು ಕುದುರೆಪಡೆಯ ದಳವಾಯಿ. ಹಡಗಿನ ಕ್ಯಾಪ್ಟನ್ನುಗಳಿಗೆ ಇದು ನುಂಗಲಾಗದ ತುತ್ತಾಯಿತು. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷ್ ಹಡಗುಗಳು ಬಂದಾಗ ಅವರು ಹೋರಾಡುವ ಬದಲು ತಮ್ಮ ಹಡಗುಗಳ ಸಮೇತ ಅವರನ್ನೇ ಸೇರಿಕೊಂಡರು ಎಂದು ವಿಲ್ಕ್ಸ್ ಹೇಳುತ್ತಾನೆ. ಮಂಗಳೂರು ಹೋಯಿತು, ಹೊನ್ನಾವರ ಹೋಯಿತು. ಹೈದರನೂ ಹರೆಯದ ಟಿಪ್ಪುವೂ ಘಟ್ಟ ಇಳಿದು ಬಂದು ಕೆಲವೇ ವಾರಗಳಲ್ಲಿ ಊರುಗಳನ್ನು ಮರಳಿ ಹಿಡಿದರು. ನೆಲ ಸಿಕ್ಕಿತು, ಹೋದ ಹಡಗುಗಳು ಹೋದವು.

ಹೈದರ್ ಮತ್ತೆ ಕಟ್ಟಿಸಿದ. ಹನ್ನೆರಡು ವರ್ಷ ಕಳೆಯಿತು. 1780ರಲ್ಲಿ ಎರಡನೇ ಮೈಸೂರು ಯುದ್ಧ; ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಬೇಲಿಯ ಸೈನ್ಯ ಧೂಳಿಪಟವಾಯಿತು. ಇಂಡಿಯಾದಲ್ಲಿ ಇಂಗ್ಲಿಷರು ಅಲ್ಲಿಯವರೆಗೆ ಕಂಡ ದೊಡ್ಡ ಸೋಲುಗಳಲ್ಲಿ ಅದೊಂದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಅದರ ಚಿತ್ರವನ್ನು ಶಾಲಾಪ್ರವಾಸಕ್ಕೆ ಹೋದವರೆಲ್ಲ ನೋಡಿರುತ್ತಾರೆ. ಗೋಡೆಯ ಮೇಲಿಲ್ಲದ ಚಿತ್ರ ಅದೇ ವರ್ಷದ ಡಿಸೆಂಬರ್ 8ರದ್ದು. ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ತನ್ನ ಹಡಗುಗಳನ್ನು ಮುಂಬಯಿಗೆ ಒಯ್ಯುತ್ತಿದ್ದವನು ದಾರಿಯಲ್ಲಿ ಮಂಗಳೂರಿನ ಎದುರು ಹೈದರನ ಬಾವುಟ ಹಾರುತ್ತಿದ್ದ ಹಡಗುಗಳನ್ನು ಕಂಡ. ದೊಡ್ಡವು ಎರಡು, ಒಂದಕ್ಕೆ 28 ತೋಪು, ಇನ್ನೊಂದಕ್ಕೆ 26; ಜೊತೆಗೆ ಸಣ್ಣವು. ಹ್ಯೂಸ್ ದೋಣಿಗಳಲ್ಲಿ ಜನರನ್ನು ಕಳಿಸಿ, ದಡದ ತೋಪುಗಳ ಬಾಯಿಯ ಕೆಳಗೇ ಅವನ್ನು ಸುಟ್ಟು ಹಾಕಿಸಿದ. ಅವನಿಗೆ ಅದು ದಾರಿಯ ಮೇಲಿನ ಸಣ್ಣ ಕೆಲಸ. ಹೈದರನಿಗೆ ಹನ್ನೆರಡು ವರ್ಷದ ಸಂಪಾದನೆ.

ಅದರ ಬೆಲೆ ಏನೆಂದು ತಿಳಿಯಲು ಎರಡೇ ತಿಂಗಳು ಸಾಕಾಯಿತು, ಅದೂ ದೇಶದ ಆಚೆ ದಡದಲ್ಲಿ. ಬೇಲಿ ಸೋತ ಸುದ್ದಿ ಮುಟ್ಟಿದ ಮೇಲೆ ಮುದುಕ ಜನರಲ್ ಐರ್ ಕೂಟ್ ಕಲ್ಕತ್ತೆಯಿಂದ ಹಡಗಿನಲ್ಲೇ ಮದರಾಸಿಗೆ ಬಂದಿಳಿದಿದ್ದ. 1781ರ ಫೆಬ್ರವರಿಯಲ್ಲಿ ಅವನ ಸೈನ್ಯ ಕಡಲೂರಿನಲ್ಲಿ ಸಿಕ್ಕಿಹಾಕಿಕೊಂಡಿತು. ನೆಲದ ಮೇಲೆ ಸುತ್ತ ಹೈದರ್, ಊರೂರನ್ನು ಬರಿದು ಮಾಡಿಟ್ಟಿದ್ದ. ಕೂಟನ ಬಳಿ ಕೆಲವೇ ದಿನಗಳ ಅಕ್ಕಿ. ಸರಿಯಾಗಿ ಅದೇ ಹೊತ್ತಿಗೆ ಸಮುದ್ರದಲ್ಲಿ ಫ್ರೆಂಚರ ಹಡಗುಗಳು ಬಂದು ನಿಂತಿದ್ದವು, ಹ್ಯೂಸ್ ಪಶ್ಚಿಮ ಕರಾವಳಿಯಲ್ಲಿದ್ದ. ಫ್ರೆಂಚ್ ದಳಪತಿ ದೋರ್ವ್ ಅಲ್ಲೇ ಕೆಲವು ವಾರ ನಿಂತು ಅಕ್ಕಿಯ ದೋಣಿಗಳನ್ನು ತಡೆದಿದ್ದರೆ ಕೂಟ್ ಶರಣಾಗಬೇಕಿತ್ತು. ನಿಲ್ಲು ಎಂದು ಹೈದರ್ ಬೇಡಿಕೊಂಡ. ದೋರ್ವ್ ನಿಲ್ಲಲಿಲ್ಲ, ಮಾರಿಷಸ್ಸಿಗೆ ತಿರುಗಿ ಹೋದ. ಮದರಾಸಿನಿಂದ ಅಕ್ಕಿ ಬಂತು. ಜುಲೈ 1ರಂದು ಪೋರ್ಟೋ ನೋವೋದಲ್ಲಿ ಅದೇ ಕೂಟ್ ಹೈದರನನ್ನು ಸೋಲಿಸಿದ.

ನನಗೆ ಆ ಯುದ್ಧದ ಕೀಲಿ ಇಲ್ಲಿದೆ ಎನ್ನಿಸುತ್ತದೆ. ಕಡಲೂರಿನೆದುರು ಹೈದರನಿಗೆ ಬೇಕಿದ್ದದ್ದು 74 ತೋಪಿನ ಹಡಗಲ್ಲ. ಅಕ್ಕಿ ದೋಣಿಗಳನ್ನು ಹೆದರಿಸಲು ಬೇಕಾದಷ್ಟು ಸಾಧಾರಣ ಹಡಗು, ತನ್ನ ಮಾತು ಕೇಳುವಂಥವು. ಬೇರೆಯವರ ನೌಕಾಪಡೆ ಎಷ್ಟೇ ದೊಡ್ಡದಿರಲಿ, ಅದು ಅವರ ದೇಶದ ಲೆಕ್ಕಾಚಾರದ ಪ್ರಕಾರ ಬರುತ್ತದೆ, ಹೋಗುತ್ತದೆ.

ಮರುವರ್ಷ ಬಂದ ಸುಫ್ರೆನ್ ಬೇರೆಯದೇ ಗಟ್ಟಿಯ ಮನುಷ್ಯ. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಅವನೂ ಹ್ಯೂಸನೂ ಐದು ಸಲ ಕಾದಾಡಿದರು. ಮೊದಲ ಕದನ ಸದ್ರಾಸಿನೆದುರು, ಹ್ಯೂಸನ ಬಳಿ 9 ದೊಡ್ಡ ಹಡಗು, ಸುಫ್ರೆನ್ ಬಳಿ 11. ಕೊನೆಯದು ಕಡಲೂರಿನೆದುರು, ಹ್ಯೂಸನ ಬಳಿ 18, ಸುಫ್ರೆನ್ ಬಳಿ 15. ಹಿಂದೆ ಸರಿದವನು ಹದಿನೆಂಟು ಇದ್ದವನು. ಐದೂ ಕದನ ಸೇರಿ ಒಂದು ಕಡೆಯ ಒಂದು ದೊಡ್ಡ ಹಡಗೂ ಎದುರಾಳಿಯ ಕೈಗೆ ಸಿಕ್ಕಲಿಲ್ಲ. ಹ್ಯೂಸನ ಮುಖ್ಯ ಹಡಗು, 74 ತೋಪಿನ 'ಸೂಪರ್ಬ್' ಇದನ್ನೆಲ್ಲ ದಾಟಿ ಬಂದು, ಕೊನೆಗೆ ಯಾವ ಶತ್ರುವೂ ಇಲ್ಲದೆ 1783ರ ನವೆಂಬರಿನಲ್ಲಿ ತಲಚೇರಿಯ ಎದುರು ಮುಳುಗಿತು. ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನು ನಂಬಲೇ ಇಲ್ಲ. ಅವನ ಆಟದಲ್ಲಿ ಮಳೆಗಾಲವಿಲ್ಲ.

1782ರ ಜುಲೈನಲ್ಲಿ ಸುಫ್ರೆನ್ ದಡಕ್ಕೆ ಬಂದು ಹೈದರನನ್ನು ಕಂಡ. ಕಡಲಿನವನೂ ಬಯಲಿನವನೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡರಂತೆ. ಅಷ್ಟರಲ್ಲಿ ಹೈದರನ ಬೆನ್ನಿನ ರಾಜಹುಣ್ಣು ಬಲಿಯುತ್ತಿತ್ತು. ಕಾಯಿಲೆ ಬಿದ್ದಿದ್ದಾಗ ಅವನು ಪೂರ್ಣಯ್ಯನ ಬಳಿ ಮನಸ್ಸು ಬಿಚ್ಚಿ ಆಡಿದನೆನ್ನುವ ಮಾತನ್ನು, ಮುಂದೆ ಮೈಸೂರಿನ ರೆಸಿಡೆಂಟನಾಗಿದ್ದ ವಿಲ್ಕ್ಸ್ ಪೂರ್ಣಯ್ಯನ ಬಾಯಿಂದಲೇ ಕೇಳಿ ದಾಖಲಿಸಿದ್ದಾನೆ. ಇಂಗ್ಲಿಷರ ಎಷ್ಟು ಸೈನ್ಯಗಳನ್ನು ಸೋಲಿಸಿದರೂ ಅವರು ಮುಗಿಯುವುದಿಲ್ಲ, ನೆಲದ ಮೇಲೆ ಅವರಿಗೆ ಏನೂ ಸಿಗದಂತೆ ಮಾಡಬಲ್ಲೆ, ಆದರೆ ಸಮುದ್ರವನ್ನು ಒಣಗಿಸಲಾರೆ ಎಂಬುದು ಅದರ ತಿರುಳು.

ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ಒಂದು ಚೆಂದದ ಉಪಮೆ ಎಂಬಂತೆ ಉದ್ಧರಿಸುತ್ತಾರೆ. ನಮ್ಮ ಕಡೆಯವರಿಗೆ ಅದು ಉಪಮೆಯಲ್ಲ. ಹೆಸರಿನಲ್ಲಿ ಸಮುದ್ರವಿರುವ ಊರುಗಳ ನಡುವೆ, ಬೇಸಿಗೆಗೆ ಒಣಗುವ ಕೆರೆಗಳ ನಡುವೆ ಹುಟ್ಟಿದವನು ಆಡಿದ ಮಾತು ಅದು. ಬೂದಿಕೋಟೆಯಲ್ಲಿ ನೀರು ಎಂದರೆ ತೂಬು ಎತ್ತಿ ಬಿಡಬಹುದಾದದ್ದು, ಏರಿ ಒಡೆದು ಖಾಲಿ ಮಾಡಬಹುದಾದದ್ದು. ಮುತ್ತಿಗೆ ಹಾಕಿದ ಸೈನ್ಯ ಕೆರೆ ಒಡೆಯುತ್ತದೆ, ಬಾವಿ ಮುಚ್ಚುತ್ತದೆ. ಊರು ಬಾಯಾರಿ ಬಾಗಿಲು ತೆರೆಯುತ್ತದೆ. ಹೈದರ್ ಕರ್ನಾಟಿಕ್ ಬಯಲಿನಲ್ಲಿ ಮಾಡಿದ ಯುದ್ಧವೇ ಅದು. ಮದರಾಸನ್ನು ಹಾಗೆ ಒಣಗಿಸಲು ಆಗದೆ ಹೋದದ್ದು ಅದರ ಒಂದು ಮಗ್ಗುಲು ತೆರೆದೇ ಇದ್ದುದರಿಂದ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ತೀರಿಕೊಂಡ. ಟಿಪ್ಪು ದೂರದ ಮಲಬಾರಿನಲ್ಲಿದ್ದುದರಿಂದ ಸಾವನ್ನು ಗುಟ್ಟಾಗಿಟ್ಟರು. ದೇಹವನ್ನು ಮೊದಲು ತಂದದ್ದು ಕೋಲಾರಕ್ಕೆ, ಅಪ್ಪನ ಗೋರಿಯ ಬಳಿಗೆ. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ಎರಡು ತಿಂಗಳಾಗುವುದರೊಳಗೆ ಮುಂಬಯಿಯ ಸೈನ್ಯ ಹಡಗಿನಿಂದ ಹೊನ್ನಾವರ, ಕುಂದಾಪುರಗಳಲ್ಲಿ ಇಳಿದು ಘಟ್ಟ ಹತ್ತಿ ಬಿದನೂರನ್ನೇ ತೆಗೆದುಕೊಂಡಿತು. ಇದನ್ನೂ ಸಮುದ್ರದ ಲೆಕ್ಕಕ್ಕೇ ಬರೆದುಕೊಳ್ಳಬೇಕು.

ಹಾಗಾದರೆ ಮೈಸೂರಿಗೆ ಇಲ್ಲದ್ದು ಏನು? ದುಡ್ಡಿತ್ತು. ಮರವಂತೂ ಬೇಕಾದಷ್ಟು: ಯುರೋಪಿನವರು ಓಕ್ ಮರಕ್ಕೆ ಪರದಾಡುತ್ತಿದ್ದಾಗ ನಮ್ಮ ಘಟ್ಟದಲ್ಲೂ ಮಲಬಾರಿನಲ್ಲೂ ಅದಕ್ಕಿಂತ ಬಾಳಿಕೆಯ ತೇಗವಿತ್ತು. ಕಟ್ಟುವ ಬಡಗಿಗಳೂ ಕರಾವಳಿಯಲ್ಲಿದ್ದರು, ನಾವಿಕರೂ ಇದ್ದರು. ಇಲ್ಲದ್ದು, ದೊಡ್ಡ ಹಡಗನ್ನು ಒಳಗೆ ತಂದು ಬಚ್ಚಿಟ್ಟುಕೊಳ್ಳುವ ಆಳದ ಬಂದರು. ಮಂಗಳೂರಿನ ಹಳೇ ಬಂದರು ನೇತ್ರಾವತಿ, ಗುರುಪುರ ನದಿಗಳು ಕೂಡುವ ಅಳಿವೆಯೊಳಗಿದೆ. ಸಣ್ಣವು ಒಳಗೆ, ದೊಡ್ಡವು ಹೊರಗೆ ಬಯಲು ನೀರಿನಲ್ಲಿ ಲಂಗರು ಹಾಕಬೇಕು. ಹ್ಯೂಸನಿಗೆ ಹೈದರನ ದೊಡ್ಡ ಹಡಗುಗಳು ಸಿಕ್ಕಿದ್ದು ಹಾಗೆ. ದೊಡ್ಡ ಹಡಗು ನಿಲ್ಲುವ ನವಮಂಗಳೂರು ಬಂದರು ಪಣಂಬೂರಿನಲ್ಲಿ ತೆರೆದದ್ದು 1974ರಲ್ಲಿ.

ಇನ್ನೊಂದು, ಮುಂಬಯಿಯ ಗೋದಿ. 1736ರಲ್ಲಿ ಕಂಪನಿ ಸೂರತ್ತಿನಿಂದ ಲೌಜಿ ನಸರವಾನಜಿ ವಾಡಿಯಾ ಎಂಬ ಪಾರ್ಸಿ ಬಡಗಿಯನ್ನು ಮುಂಬಯಿಗೆ ಕರೆಸಿಕೊಂಡಿತು. 1750ರ ದಶಕದಲ್ಲಿ ಅಲ್ಲಿ ಒಣಗೋದಿ ಕಟ್ಟಿದರು: ಹಡಗನ್ನು ಒಳಗೆ ತಂದು, ಬಾಗಿಲು ಹಾಕಿ, ನೀರು ಖಾಲಿ ಮಾಡಿ, ತಳ ರಿಪೇರಿ ಮಾಡುವ ಕಟ್ಟೆ. ಹುಳು ತಿಂದ, ಗುಂಡು ತಿಂದ ಹಡಗು ಅಲ್ಲಿ ಹೋಗಿ ಹೊಸದಾಗಿ ಬರುತ್ತಿತ್ತು. ಹ್ಯೂಸ್ 1780ರಲ್ಲಿ ಹೊರಟಿದ್ದುದೂ ಅಲ್ಲಿಗೇ. ಸುಫ್ರೆನ್‌ಗೆ ಇಂಡಿಯಾದಲ್ಲಿ ಅಂಥದೊಂದು ಇರಲಿಲ್ಲ. ಮುರಿದ ಹಾಯಿಮರಕ್ಕೆ ಬದಲು ಸಣ್ಣ ಹಡಗುಗಳ ಮರ ಕಿತ್ತು ದೊಡ್ಡದಕ್ಕೆ ಹಾಕಿಕೊಳ್ಳುವ ಪಾಡು ಅವನದು. ಸಮುದ್ರವನ್ನು ಒಣಗಿಸಲಾರೆ ಎಂದು ಹೈದರ್ ಹೇಳಿದ ಕಾಲಕ್ಕೆ, ಮುಂಬಯಿಯ ಬಡಗಿಗಳು ತಮಗೆ ಬೇಕಾದಷ್ಟು ಸಮುದ್ರವನ್ನು ಒಣಗಿಸಿ ಅದರಲ್ಲಿ ನಿಂತು ಕೆಲಸ ಮಾಡುತ್ತಿದ್ದರು. ಲೌಜಿಯ ಮಕ್ಕಳು, ಮೊಮ್ಮಕ್ಕಳು ಅದೇ ಕೆಲಸ ಮುಂದುವರಿಸಿದರು. ನೌಕಾಬಲ ಎಂಬುದು ಹೀಗೆ ಮೂರು ತಲೆಮಾರು ಒಂದೇ ಕಡೆ ಕೂತು ಮಾಡುವ ಕೆಲಸ. ಹೈದರ್ ಟಿಪ್ಪು ಇಬ್ಬರಿಗೂ ಸೇರಿ ಕರಾವಳಿ ಸಿಕ್ಕಿದ್ದು 36 ವರ್ಷ, ಅದರಲ್ಲಿ ನಾಲ್ಕು ಯುದ್ಧ.

ಕರಾವಳಿಯ ಜನರ ಜೊತೆಗಿನ ನಂಟಿನ ಮಾತನ್ನೂ ಬಿಡುವಂತಿಲ್ಲ. ಘಟ್ಟದ ಮೇಲಿನವರಿಗೆ ಕೆಳಗಿನವರ ಮೇಲೆ ಸದಾ ಒಂದು ಗುಮಾನಿ: ಇವರು ಹಡಗಿನವರ ಜೊತೆ ಸೇರಿಕೊಳ್ಳುತ್ತಾರೆ ಎಂದು. 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ಅದೇ ಗುಮಾನಿಯಿಂದ. ಅವರಲ್ಲಿ ಹೆಚ್ಚಿನವರು ಬೇಸಾಯಗಾರರೇ, ನಾವಿಕರಲ್ಲ. ಆದರೂ ದಡದಲ್ಲಿ ಬಾಳುವವರನ್ನು ಹೀಗೆ ಕಾಣುವ ದೊರೆತನ ಅದೇ ದಡದಿಂದ ನೌಕಾಪಡೆ ಎಬ್ಬಿಸುವುದು ಕಷ್ಟ. ಟಿಪ್ಪು ಮಂಗಳೂರಿನಲ್ಲಿ ಕಟ್ಟಿಸಿದ, ಇವತ್ತು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಸುಲ್ತಾನ್ ಬತ್ತೇರಿ, ಹಡಗುಗಳು ಗುರುಪುರ ನದಿಯೊಳಗೆ ಬಾರದಂತೆ ಕಾಯುವ ಬುರುಜು. ಅದು ಸಮುದ್ರಕ್ಕೆ ಹೋಗುವವನು ಕಟ್ಟಿದ್ದಲ್ಲ, ಸಮುದ್ರದಿಂದ ಬರುವವರಿಗೆ ಅಂಜಿದವನು ಕಟ್ಟಿದ್ದು.

ಆದರೆ ಟಿಪ್ಪುವಿಗೆ ಸಮುದ್ರ ಅರ್ಥವಾಗಿರಲಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಪ್ಪನಿಗಿಂತ ಚೆನ್ನಾಗಿ ಅರ್ಥವಾಗಿತ್ತು. ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ತೆರೆದ. ಮೆಣಸು, ಗಂಧ, ಅಕ್ಕಿ ಕಂಪನಿಗೆ ಹೋಗದೆ ಅಲ್ಲಿಗೆ ಹೋಗಲಿ ಎಂದು. 1786ರಲ್ಲಿ ತನ್ನ ರಾಯಭಾರಿಗಳನ್ನು ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿದಾಗ ಅವರು ಅಘನಾಶಿನಿಯ ಮುಖದಲ್ಲಿರುವ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟರು. ಒಟ್ಟು ಸುಮಾರು 900 ಜನ. ಆ ಪ್ರಯಾಣದ ದಿನಚರಿಯನ್ನು ಜೊತೆಗಿದ್ದ ಗುಮಾಸ್ತ ಖ್ವಾಜಾ ಅಬ್ದುಲ್ ಕಾದಿರ್ ಬರೆದಿಟ್ಟಿದ್ದಾನೆ. ಓದಿದರೆ ಹೊಟ್ಟೆ ಹಿಂಡುತ್ತದೆ. ಒಂದು ಹಡಗಿಗೆ ಬೆಂಕಿ ಬಿತ್ತು, ಉಳಿದವೂ ಕೈತಪ್ಪಿದವು, ರೋಗದಲ್ಲಿ ಜನ ಹುಳುಗಳ ಹಾಗೆ ಸತ್ತರು. ಊರು ಮುಟ್ಟಿದವರು ಬಹಳ ಕಡಿಮೆ.

ಇನ್ನು ಆ ನಲವತ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಗಿ, ಮಲಬಾರ್ ಇಂಗ್ಲಿಷರ ಪಾಲಾಗಿ, ಕೆನರಾ ಮಾತ್ರ ಉಳಿದಿತ್ತು. 1796ರಲ್ಲಿ ಟಿಪ್ಪು ನೌಕಾಪಡೆಯ ಬಗ್ಗೆ ಒಂದು ಹುಕುಂನಾಮೆ ಹೊರಡಿಸಿದ. ಕಿರ್ಕ್‌ಪ್ಯಾಟ್ರಿಕ್ ಅದರ ಸಾರವನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದಾನೆ. 20 ದೊಡ್ಡ ಸಮರನೌಕೆ, 20 ಫ್ರಿಗೇಟ್. ದೊಡ್ಡವಕ್ಕೆ 72 ಅಥವಾ 62 ತೋಪು, ಫ್ರಿಗೇಟಿಗೆ 46. ಮೇಲುಸ್ತುವಾರಿಗೆ ಮೀರ್ ಯಮ್ ಎಂಬ 11 ಅಧಿಕಾರಿಗಳು, ಅವರ ಕೆಳಗೆ ಮೀರ್ ಬಹರ್‌ಗಳು. ಮಂಗಳೂರು ಸೇರಿ ಮೂರು ಕಡೆ ಹಡಗು ಕಟ್ಟುವ ಗೋದಿ. ಯಾವ ದರ್ಜೆಯ ಹಡಗಿಗೆ ಎಷ್ಟು ಜನ ಎಂಬುದರವರೆಗೆ ಎಲ್ಲ ಬರೆದಿದೆ. ಅಚ್ಚುಕಟ್ಟಾದ ಕಾಗದ. ಕಾಗದದಲ್ಲಿದ್ದ ಆ ಪಡೆ ನೀರಿಗಿಳಿಯಲೇ ಇಲ್ಲ. ಮೂರು ವರ್ಷದೊಳಗೆ ಅದನ್ನು ಬರೆಸಿದವನೂ ಇರಲಿಲ್ಲ.

ಆ ಮೂರು ವರ್ಷದಲ್ಲಿ ಸಮುದ್ರದ ಕಡೆಯಿಂದ ಅವನಿಗೆ ಬಂದದ್ದು ಇಷ್ಟು: 1797ರಲ್ಲಿ ಕೆಟ್ಟ ಹಡಗೊಂದರಲ್ಲಿ ಮಂಗಳೂರು ಸೇರಿದ ರಿಪೋ ಎಂಬ ಫ್ರೆಂಚ್ ಹಡಗುಗಳ್ಳ, ಮಾರಿಷಸ್ಸಿನಲ್ಲಿ ಸಾವಿರಾರು ಸೈನಿಕರು ಕಾಯುತ್ತಿದ್ದಾರೆ ಎಂದು ಅವನು ಬಿಟ್ಟ ಬುರುಡೆ, ಅದನ್ನು ನಂಬಿ ಕಳಿಸಿದ ರಾಯಭಾರಿಗಳು, ಕೊನೆಗೆ 1798ರ ಏಪ್ರಿಲಿನಲ್ಲಿ 'ಪ್ರೆನೂಸ್' ಎಂಬ ಫ್ರಿಗೇಟ್ ಮಂಗಳೂರಿನಲ್ಲಿ ಇಳಿಸಿದ ನೂರರಷ್ಟು ಜನ. ಗುಟ್ಟಾಗಿರಬೇಕಿದ್ದ ಈ ಸಂಗತಿಯನ್ನು ಮಾರಿಷಸ್ಸಿನ ಗವರ್ನರ್ ಮಲಾರ್ತಿಕ್ ಡಂಗುರ ಹೊಡೆಸಿದ್ದ. ವೆಲ್ಲೆಸ್ಲಿಗೆ ಅಷ್ಟೇ ನೆಪ ಸಾಕಾಯಿತು. ಅದೇ ಆಗಸ್ಟಿನಲ್ಲಿ ಈಜಿಪ್ಟಿನ ಅಬೂಕಿರ್ ಕೊಲ್ಲಿಯಲ್ಲಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ಮುಗಿಸಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಇದನ್ನೆಲ್ಲ ಕೇಳಿಸಿಕೊಂಡ ಅಕ್ಕನ ಮಗ ಹೇಳಿದ್ದು: "ಮಾವ, ಆಟದಲ್ಲೂ ಹಂಗೇ. ಸುಮ್ನೆ ಹಡಗು ಒತ್ತಿದ್ರೆ ಬರಲ್ಲ. ಮೊದ್ಲು ಬಂದರು ಕಟ್ಟಬೇಕು, ಮರ ಕೂಡಿಡಬೇಕು, ಅಮೇಲೆ ಎಷ್ಟೋ ಸುತ್ತು ಕಾಯಬೇಕು. ಅಷ್ಟರಲ್ಲಿ ಯಾರಾದ್ರೂ ಬಂದ್ರೆ ಹೋಯ್ತು." ಟಿಪ್ಪುವಿನ ನಲವತ್ತು ಹಡಗುಗಳನ್ನು ಎದೆಯುಬ್ಬಿಸಿ ಭಾಷಣದಲ್ಲಿ ಎಣಿಸುವವರಿಗಿಂತ, ಅಪ್ಪ ಮಗ ಇಬ್ಬರಿಗೂ ಸಮುದ್ರದ ಗಂಧವೇ ಇರಲಿಲ್ಲ ಎಂದು ಮೂಗು ಮುರಿಯುವವರಿಗಿಂತ ಆಟ ಆಡುವ ಹುಡುಗರಿಗೆ ಈ ವಿಷಯ ಬೇಗ ತಿಳಿಯುತ್ತದೆ. ಟಿಪ್ಪುವಿಗೆ ಬಾಕಿ ಇದ್ದದ್ದು ಸುತ್ತುಗಳು.

ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಕರಾವಳಿಯೂ ಕಂಪನಿಗೆ ಹೋಯಿತು, ಮೈಸೂರು ಮತ್ತೆ ಕಡಲಿಲ್ಲದ ರಾಜ್ಯವಾಯಿತು. ತೇಗದ ಮರ ಮಾತ್ರ ಮುಂಬಯಿಗೆ ಹೋಗುತ್ತಲೇ ಇತ್ತು. ಲೌಜಿಯ ಮೊಮ್ಮಗ ಜಮ್ಶೇಟಜಿ ಬೊಮನ್‌ಜಿ 1810ರಲ್ಲಿ ಅದೇ ಗೋದಿಯಲ್ಲಿ 74 ತೋಪಿನ 'ಮಿಂಡನ್' ಕಟ್ಟಿ ಇಂಗ್ಲೆಂಡಿನ ರಾಜನ ನೌಕಾಪಡೆಗೆ ಕೊಟ್ಟ. 1819ರಲ್ಲಿ ಅಲ್ಲಿಂದಲೇ ಇನ್ನೊಂದು ತೇಗದ ಫ್ರಿಗೇಟ್ ನೀರಿಗಿಳಿಯಿತು. ತೋಪುಗಳು 46, ಟಿಪ್ಪುವಿನ ಹುಕುಂನಾಮೆಯಲ್ಲಿ ಫ್ರಿಗೇಟಿಗೆ ಗೊತ್ತು ಮಾಡಿದ್ದಷ್ಟೇ. ಹೆಸರು 'ಸೆರಿಂಗಪಟಮ್'. ಅದರ ಮೂತಿಗೆ ಕೂರಿಸಿದ್ದ ಮರದ ಗೊಂಬೆ ಈಗ ಲಂಡನ್ನಿನ ಗ್ರೀನಿಚ್ ನೌಕಾ ಮ್ಯೂಸಿಯಮ್ಮಿನಲ್ಲಿದೆ: ದೊಡ್ಡದೊಂದು ಹಕ್ಕಿಯ ಮೇಲೆ ಕೂತ ರುಮಾಲಿನ ಮನುಷ್ಯ, ಕೈಯಲ್ಲಿ ಛತ್ರಿ. ಅದು ಟಿಪ್ಪು ಎನ್ನುತ್ತಾರೆ.